ಹಿಂದಿರುಗದ ಪೆಡಲು

ಕಾಪುವಿನಿಂದ ಶಿರ್ವ, ಬೆಳ್ಮಣ್ ಮಾರ್ಗವಾಗಿ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ತಿರುವುಗಳಿಗೆ ಬರವಿಲ್ಲ. ಅಂಥದೊಂದು ತಿರುವು ಹತ್ತಿರವಾದಾಗ ನಿವೃತ್ತ ಬ್ಯಾಂಕ್ ನೌಕರರೊಬ್ಬರು ತಮ್ಮ ಹಳೆಯ ಮಾರುತಿ 800ರ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಕಾಲು ಮೇಲೆ ಬಂತು, ಪೆಡಲು ಬರಲಿಲ್ಲ. ಎಂಜಿನ್ ಆರ್ಭಟಿಸುತ್ತಲೇ ಇತ್ತು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮಗ. "ಕ್ಲಚ್ ಒತ್ತಿ! ಬ್ರೇಕ್ ಬಿಟ್ಟು ಬಿಟ್ಟು ಒತ್ತಬೇಡಿ, ಒಮ್ಮೆಗೇ ಬಲವಾಗಿ ಒತ್ತಿ!" ಎಂದು ಮಗ ಕೂಗಿದ. ಕಾರು ರಸ್ತೆಯಂಚಿನ ಹುಲ್ಲಿನಲ್ಲಿ ನಿಂತಿತು. ನಿಂತ ಮೇಲೆ ಕೀಲಿ ತಿರುಗಿಸಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತಂದೆ ಬಗ್ಗಿ ಪೆಡಲನ್ನು ಕೈಯಿಂದ ಎತ್ತಿದರು. ಅದು ಏನೂ ಆಗಿಲ್ಲವೆಂಬಂತೆ ಮೇಲೆ ಬಂತು. "ಸ್ವಲ್ಪ ಎಣ್ಣೆ ಬಿಟ್ಟರೆ ಸರಿಹೋದೀತು" ಎಂದರು. ಯಂತ್ರದ ಯಾವ ಕಾಯಿಲೆಗೂ ಎಣ್ಣೆಯೇ ಮದ್ದೆಂದು ನಂಬಿದ ತಲೆಮಾರು ಅವರದು. ಮಗ ಒಪ್ಪಲಿಲ್ಲ. ಮೂವರೂ ಬಸ್ಸು ಹತ್ತಿ ಕಾಪುವಿಗೆ ಮರಳಿದರು. ಕಾರನ್ನು ಮರುದಿನ ಜೀಪಿಗೆ ಹಗ್ಗ ಕಟ್ಟಿ ಎಳೆದು ತರಬೇಕಾಯಿತು.

ಈ ಹಟ ಅವನಿಗೆ ಬಂದದ್ದು ಸ್ಪರ್ಧಾ ಕಾರುಗಳಿಂದ. ಮಣಿಪಾಲ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳು 'ಫಾರ್ಮುಲಾ ಮಣಿಪಾಲ್' ಎಂಬ ಹೆಸರಿನಲ್ಲಿ ಒಂಟಿ ಸೀಟಿನ ಕಾರುಗಳನ್ನು ತಾವೇ ಕಟ್ಟುತ್ತ ಬಂದಿರುವುದು ಜಿಲ್ಲೆಯ ಅನೇಕರಿಗೆ ಗೊತ್ತು. ಈ ಬಗೆಯ ಸ್ಪರ್ಧೆ 1981ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅದರ ನಿಯಮಾವಳಿಯನ್ನು ಈ ಹುಡುಗ ಪಠ್ಯಪುಸ್ತಕಕ್ಕಿಂತ ಶ್ರದ್ಧೆಯಿಂದ ಓದಿದ್ದ. ಥ್ರಾಟಲನ್ನು ಮುಚ್ಚಲು ಕನಿಷ್ಠ ಎರಡು ಸ್ಪ್ರಿಂಗುಗಳಿರಬೇಕು. ಒಂದು ಮುರಿದರೂ ಇನ್ನೊಂದು ಮುಚ್ಚಬೇಕು ಎನ್ನುತ್ತದೆ ನಿಯಮ. ಬಿಸಿಯಾದ ಎಗ್ಸಾಸ್ಟಿನಿಂದ ಕೇಬಲ್ ಸುಮಾರು ಎರಡು ಅಂಗುಲವಾದರೂ ದೂರವಿರಬೇಕು. ವಿದ್ಯುತ್ ಕಾರಿನಲ್ಲಿ ಕೇಬಲ್ಲೇ ಇಲ್ಲವಲ್ಲ ಎನ್ನಬಹುದು. ಅಲ್ಲಿ ಪೆಡಲಿಗೆ ಎರಡು ಸಂವೇದಕಗಳು. ಅವೆರಡರ ಲೆಕ್ಕ ಶೇಕಡಾ 10ಕ್ಕಿಂತ ಹೆಚ್ಚು ತಪ್ಪಿ, ಸೆಕೆಂಡಿನ ಹತ್ತನೇ ಒಂದು ಭಾಗ ಹಾಗೆಯೇ ಉಳಿದರೆ ಮೋಟಾರಿಗೆ ಶಕ್ತಿ ನಿಲ್ಲಬೇಕು. ಕೆಡುವುದಾದರೆ ಮುಚ್ಚಿಕೊಂಡೇ ಕೆಡಲಿ ಎಂಬುದು ಎರಡರ ಹಿಂದಿನ ವಿಚಾರವೂ.

ಹಗ್ಗ ಎಳೆಯಬಲ್ಲದು, ತಳ್ಳಲಾರದು. ಬಾವಿಯಿಂದ ನೀರು ಸೇದಿದ ಯಾರಿಗೂ ಇದು ಗೊತ್ತು. ಕಾರಿನ ಕೇಬಲ್ಲೂ ಹಾಗೆಯೇ. ಪೆಡಲು ಒತ್ತಿದಾಗ ಒಳಗಿನ ತಂತಿ ಥ್ರಾಟಲನ್ನು ಎಳೆದು ತೆರೆಯುತ್ತದೆ. ಕಾಲು ತೆಗೆದಾಗ ಮುಚ್ಚುವ ಕೆಲಸ ಕೇಬಲಿನದಲ್ಲ, ಸ್ಪ್ರಿಂಗಿನದು. ಹೊರಗಿನ ಕವಚ ತಂತಿಯನ್ನು ಮುಚ್ಚಿಡುವ ಬರಿಯ ಅಂಗಿಯೂ ಅಲ್ಲ. ಒಳತಂತಿ ಎಷ್ಟು ಎಳೆಯುತ್ತದೋ ಕವಚ ಅಷ್ಟೇ ಬಲದಿಂದ ಒತ್ತಿ ನಿಲ್ಲುತ್ತದೆ. ಹಾಗಾಗಿಯೇ ಎಳೆತವನ್ನು ಮೂಲೆ ತಿರುಗಿಸಿ ಕೊಂಡೊಯ್ಯಲು ಸಾಧ್ಯ. 1896ರಲ್ಲಿ ಅರ್ನೆಸ್ಟ್ ಬೌಡೆನ್ ಪೇಟೆಂಟ್ ಪಡೆದ ಈ ಉಪಾಯವೇ ಇಂದಿಗೂ ಸೈಕಲ್ಲಿನ ಬ್ರೇಕಿನಲ್ಲಿದೆ.

ಕಳಚಿ ತೆಗೆದ ಕೇಬಲನ್ನು ಹುಡುಗ ಜಗಲಿಯಲ್ಲಿ ಹಾಸಿದ. ಕಾರ್ಬ್ಯುರೇಟರ್ ಕಡೆಯ ತುದಿಯಲ್ಲಿ, ಬಾಗುವ ಜಾಗದಲ್ಲಿ, ಮೂರು ಎಳೆಗಳು ತುಂಡಾಗಿದ್ದವು. ಅವುಗಳಲ್ಲಿ ಒಂದು ಗಾಳದಂತೆ ಸುರುಳಿಕೊಂಡು ಕವಚದ ಬಾಯಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕಾಲಿನ ಬಲಕ್ಕೆ ತಂತಿ ಜಾರುತ್ತದೆ, ಸ್ಪ್ರಿಂಗಿನ ಬಲಕ್ಕೆ ಜಾರದು. ಸಮುದ್ರದ ಉಪ್ಪುಗಾಳಿಗೆ ಹಿಡಿದ ತುಕ್ಕು ಬೇರೆ. ಅಜ್ಜಿ ಕನ್ನಡಕ ಸರಿಮಾಡಿ ನೋಡಿದರು. "ರಾಟೆಯ ಹಗ್ಗದ ನಾರು ಕಿತ್ತ ಹಾಗೆ ಉಂಟು. ಇದಕ್ಕೆ ಯಾರಾದರೂ ಕೊಡಪಾನ ಕಟ್ಟುತ್ತಾರಾ?" ತಂದೆ ಎಣ್ಣೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಆದರೆ ಹೊಸದನ್ನು ಹಾಕುವುದು ಯಾರು? ಉಡುಪಿಯಿಂದ ಮೆಕ್ಯಾನಿಕ್ ಬರಲಿ ಎಂಬುದು ತಂದೆಯ ವಾದ. ಮಗನನ್ನು ಇಂಜಿನಿಯರಿಂಗ್ ಓದಿಸಬೇಕು, ಆದರೆ ಅವನು ಸ್ಪ್ಯಾನರ್ ಹಿಡಿಯಬಾರದು! ಕೊನೆಗೆ ಅವರು ಪಕ್ಕದಲ್ಲೇ ನಿಂತು ನೋಡುವುದೆಂಬ ಕರಾರಿಗೆ ಕೆಲಸ ಆರಂಭವಾಯಿತು.

ಅದೇನೂ ಬ್ರಹ್ಮವಿದ್ಯೆಯಲ್ಲ. ಹಳೆಯದರ ಪಕ್ಕದಲ್ಲಿಟ್ಟು ಹೊಸದರ ಉದ್ದ ನೋಡಿದ. ಹಳೆಯದು ಹೋಗಿದ್ದ ದಾರಿಯಲ್ಲೇ, ಎಲ್ಲೂ ಚೂಪಾಗಿ ಬಾಗದಂತೆ ತೂರಿಸಿದ. ಒಂದು ತುದಿಯನ್ನು ಪೆಡಲಿನ ತೋಳಿಗೆ ಸಿಕ್ಕಿಸಿದ. ಎಂಜಿನಿನ ಕಡೆ ಥ್ರಾಟಲನ್ನು ಕೈಯಲ್ಲಿ ತಿರುಗಿಸಿ ಹಿಡಿದು ಇನ್ನೊಂದನ್ನು ಕೂರಿಸಿದ. ತಾಳ್ಮೆ ಬೇಕಾದದ್ದು ಸಡಿಲ ಹೊಂದಿಸುವುದಕ್ಕೆ. ಬಿಗಿಯಾದರೆ ಕಾಲಿಡದೆಯೇ ಎಂಜಿನ್ ಜೋರಾಗಿ ಓಡುತ್ತದೆ, ತೀರಾ ಸಡಿಲವಾದರೆ ಥ್ರಾಟಲ್ ಪೂರ್ತಿ ತೆರೆಯುವುದಿಲ್ಲ. ನಟ್ಟನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸುತ್ತ ಹುಡುಗ ಅರ್ಧ ಗಂಟೆ ಕಳೆದ. ಅಷ್ಟರಲ್ಲಿ ಎರಡು ಸಲ ಚಹಾ ಬಂತು.

ಎಂಜಿನ್ ಚಾಲೂ ಮಾಡುವ ಮೊದಲು ಅವನು ತಂದೆಯನ್ನು ಕರೆದ. "ಪೂರ್ತಿ ಒತ್ತಿ, ಫಕ್ಕನೆ ಬಿಡಿ." ಬಾನೆಟ್ಟಿನ ಕೆಳಗೆ 'ಟಕ್' ಎಂಬ ಸದ್ದು ಕೇಳಿತು. "ಇನ್ನೊಮ್ಮೆ." ಟಕ್. ಮಗ ಸಾಕೆಂದ ಮೇಲೂ ತಂದೆ ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟರು.

ಮುಂದಿನ ಭಾನುವಾರ ಮೂವರೂ ಅದೇ ರಸ್ತೆಯಲ್ಲಿ ಕಾರ್ಕಳಕ್ಕೆ ಹೊರಟರು. ಆ ತಿರುವು ಇನ್ನೂ ಬಹಳ ದೂರವಿರುವಾಗಲೇ ತಂದೆ ಪೆಡಲಿನಿಂದ ಕಾಲು ತೆಗೆದರು.