ತಡೆಗೀಲಿಲ್ಲದ ಪಿಸ್ತೂಲು

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಆತ್ಮರಕ್ಷಣಾರ್ಥವಾಗಿ ಅಂಗಿಯ ಮರೆಯಲ್ಲಿ ಪಿಸ್ತೂಲನ್ನು ಧರಿಸುವ ಗೃಹಸ್ಥರು ಅನೇಕರುಂಟು. ಅಂಥವನು ಅದನ್ನು ಕೊಳ್ಳಹೋದಾಗ ಮೊದಲು ಎದುರಾಗುವ ಸಂದೇಹವಿದು: ಹೆಬ್ಬೆರಳಿನಿಂದ ಸರಿಸಿದಲ್ಲದೆ ಗುಂಡು ಹಾರಗೊಡದ ತಡೆಗೀಲು ಬೇಕೇ, ಬೇಡವೇ?

ಬ್ರೌನಿಂಗನು ನಿರ್ಮಿಸಿ ಅಲ್ಲಿಯ ಸೈನ್ಯವು 1911ರಲ್ಲಿ ಸ್ವೀಕರಿಸಿದ ಪಿಸ್ತೂಲಿಗೆ ಆ ಕೀಲುಂಟು. 1982ರಲ್ಲಿ ಆಸ್ಟ್ರಿಯದ ಸೈನ್ಯವು ಅಂಗೀಕರಿಸಿದ ಗ್ಲಾಕಿಗೆ ಇಲ್ಲ. ಹಾಗೆಂದು ಅದು ರಕ್ಷೆಯೇ ಇಲ್ಲದ ಆಯುಧವಲ್ಲ. ಕೈಜಾರಿ ಬಿದ್ದರೂ ಹಾರದಂತೆ ಮೂರು ತಡೆಗಳು ಅದರಲ್ಲಿಯೇ ಅಡಕವಾಗಿವೆ. ಆದರೆ ಕುದುರೆಯನ್ನು ಎಳೆದೊಡನೆ ಮೂರೂ ದಾರಿ ಬಿಡುತ್ತವೆ. ಎಳೆದುದು ಬೆರಳೋ ಅಂಗಿಯ ಸೆರಗೋ ಎಂಬ ವಿವೇಕ ಯಂತ್ರಕ್ಕೆಲ್ಲಿಯದು?

ಪ್ರಾಣಭಯದಲ್ಲಿ ಕೀಲು ಸರಿಸುವುದೇ ಮರೆತುಹೋದೀತೆಂಬುದು ಅದು ಬೇಡವೆನ್ನುವವರ ವಾದ. ಅಲ್ಲಗಳೆಯತಕ್ಕ ಮಾತಲ್ಲ. ರಿವಾಲ್ವರುಗಳಿಗೂ ಸಾಮಾನ್ಯವಾಗಿ ಕೀಲಿಲ್ಲವೆಂದೂ ಅವರು ಹೇಳುವರು. ಆದರೆ ಅವುಗಳ ಕುದುರೆಯ ಎಳೆತ ದೀರ್ಘವೂ ಬಿಗಿಯೂ ಆದುದೆಂಬುದನ್ನು ಮಾತ್ರ ಹೇಳಲು ಮರೆಯುವರು! ಗ್ಲಾಕಿನ ಎಳೆತ ಸುಮಾರು ಐದೂವರೆ ಪೌಂಡು. ನ್ಯೂಯಾರ್ಕಿನ ಪೋಲೀಸು ಇಲಾಖೆಯು ತನ್ನವರ ಗ್ಲಾಕುಗಳಿಗೆ ಅದನ್ನು ಸುಮಾರು 12 ಪೌಂಡಿಗೆ ಏರಿಸಿತ್ತು.

ಕೀಲನ್ನು ಬಿಟ್ಟವನಿಗೆ ಒರೆಯೇ ಕೀಲು. ಅದು ಕುದುರೆಯನ್ನು ಪೂರ್ಣವಾಗಿ ಮುಚ್ಚುವ ಗಡುಸಾದ ಒರೆಯಾಗಿರಬೇಕು. ಸವೆದು ಮಡಿಚಿದ ತೊಗಲು ತಾನೇ ಒಳನುಗ್ಗಿ ಕುದುರೆಯನ್ನು ಒತ್ತಬಲ್ಲುದು. ಬೀಗದ ಕೈಗಳೊಡನೆ ಚೀಲದಲ್ಲಿ ಬರಿದೆ ಹಾಕಿಡುವುದಂತೂ ಅವಿವೇಕ. ಪಿಸ್ತೂಲನ್ನು ಹಿರಿಯುವಾಗ ಎಷ್ಟು ಅಪಾಯವೋ ಮರಳಿ ಸೇರಿಸುವಾಗಲೂ ಅಷ್ಟೇ ಅಪಾಯ. ಸೇರಿಸುವುದಕ್ಕೆ ಅವಸರವೇನೂ ಇಲ್ಲವಷ್ಟೆ. ಬೆರಳನ್ನು ದೂರವಿರಿಸಿ, ಅಂಗಿಯನ್ನು ಸರಿಸಿ, ಕಣ್ಣಿಟ್ಟು ನೋಡಿ ಸೇರಿಸಲಿ. ಸಂಜೆ ಮನೆಗೆ ಬಂದವನು, ಮಕ್ಕಳು ಬಾಗಿಲಿಗೆ ಓಡಿಬರುವ ಮೊದಲೇ, ಅದನ್ನು ಒರೆಸಹಿತವಾಗಿಯೇ ಬಿಚ್ಚಿ ಬೀಗದ ಪೆಟ್ಟಿಗೆಯಲ್ಲಿ ಇಡತಕ್ಕದ್ದು.