ಅಡಿಕೆಗೆ ಮದ್ದು ಬಿಡುವವನಿಗೆ ಯಾವ ಮದ್ದು?



ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಾದಾಗ ಓದಿ. ಈ ಸಲ ಡಿಸಿ ಮನ್ನಾ ಭೂಮಿ ವಿಷಯ ಅಲ್ಲ, ಸ್ಮಶಾನದ ವಿಷಯವೂ ಅಲ್ಲ. ಒಂದು ಇಂಜೆಕ್ಷನಿನ ವಿಷಯ. ಫ್ಲೂ ಲಸಿಕೆ. ಮಳೆಗಾಲ ಬರ್ಲಿಕ್ಕಾಯ್ತು, ಹದಿನೈದು ದಿನದಿಂದ ಮರ್ಕಂಜದ ನಮ್ಮ ಮನೆಯಲ್ಲಿ ಇದೇ ಚರ್ಚೆ. ಹಾಕಿಸುವುದಾ ಬೇಡ್ವಾ, ಹಾಕಿಸಿದರೆ ಯಾರಿಗೆ?

"ಯಾರಿಗೆ" ಅನ್ನುವ ಪ್ರಶ್ನೆ ಬಂದದ್ದು ದುಡ್ಡಿನಿಂದ. ಖಾಸಗಿಯಲ್ಲಿ ಒಂದು ಸೂಜಿಗೆ ಸಾವಿರದ ಐನೂರರಿಂದ ಎರಡು ಸಾವಿರದ ಆಸುಪಾಸು ಆಗ್ತದೆ. ಮನೆಯಲ್ಲಿ ನಾವು ಆರು ಜನ. ಎಲ್ಲರಿಗೂ ಅಂದ್ರೆ ಹತ್ತು ಸಾವಿರ, ಅದೂ ಪ್ರತಿ ವರ್ಷ. ನಾನು ಗುಮಾಸ್ತ, ತಿಂಗಳ ಸಂಬಳ ಬರುವವನು, ನನಗೇ ಅದು ಭಾರ. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದು ಸೂಜಿ ಅಂದ್ರೆ ನಾಲ್ಕೈದು ದಿನದ ಮಣ್ಣು ಕೆಲಸ.

ನಮ್ಮ ಆಫೀಸಿನ ಒಬ್ಬರು ಮೇಡಂ ಪ್ರತಿ ವರ್ಷ ಮೇ ತಿಂಗಳಲ್ಲಿ ಮನೆಮಂದಿಗೆಲ್ಲ ಹಾಕಿಸುತ್ತಾರಂತೆ. ಊಟದ ಹೊತ್ತಿಗೆ ಮಾತಿನ ಮಧ್ಯೆ ಹೇಳಿದರು, ಕೊಡೆ ರಿಪೇರಿ ಮಾಡಿಸಿದ ಹಾಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯವರು, ವಿವರ ಕೊಟ್ಟದ್ದೇ ಅವರು. ಆದರೆ ಟೇಬಲ್ಲಿನ ಈ ಕಡೆ ಕೂತ ನಾವು ಮೂರು ಜನ, ಒಬ್ಬ ಅಟೆಂಡರ್, ಒಬ್ಬಳು ಗುಡಿಸುವ ಅಕ್ಕ, ಮತ್ತೆ ನಾನು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಂಥ ಒಂದು ಸೂಜಿ ಉಂಟು ಅಂತ ಆ ಅಕ್ಕನಿಗೆ ಗೊತ್ತಾದದ್ದು ಅವತ್ತೇ.

ಸರಿ, ಈ ಸೂಜಿ ಎಂತದ್ದು? ನನಗೆ ತಿಳಿದಷ್ಟು ಹೇಳ್ತೇನೆ. ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳ್ತದೆ. ಹಳೆ ಸೂಜಿ ಹೊಸ ವರ್ಷಕ್ಕೆ ಸಾಲುವುದಿಲ್ಲ. ನಮ್ಮ ದೇಶದಲ್ಲಿ ಫ್ಲೂ ಎರಡು ಸುತ್ತು ಏರ್ತದೆ, ಜನವರಿಯಿಂದ ಮಾರ್ಚಿಗೆ ಒಂದು, ಮಳೆಗಾಲದಲ್ಲಿ ಇನ್ನೊಂದು. ಸೂಜಿ ಹಾಕಿಸಿ ಎರಡು ವಾರ ಆದ ಮೇಲೆ ಮೈಯಲ್ಲಿ ಶಕ್ತಿ ಕೂಡುವುದು. ಹಾಗಾಗಿ ಮಳೆಗೆ ಮೊದಲೇ ಆಗಬೇಕು.

ಹಾಕಿಸಿದರೆ ಫ್ಲೂ ಬರುವುದೇ ಇಲ್ಲವಾ? ಹಾಗಲ್ಲ. ತಳಿ ಸರಿಯಾಗಿ ಕೂಡಿಬಂದ ವರ್ಷ ಕಾಯಿಲೆ ಬೀಳುವ ಸಂಭವ ಶೇ. 40ರಿಂದ 60ರಷ್ಟು ಇಳಿಯುತ್ತದೆ. ವಯಸ್ಸಾದವರಲ್ಲಿ ಅದಕ್ಕಿಂತ ಕಡಿಮೆ. ಆದರೆ ಜ್ವರ ಬಂದರೂ ಆಸ್ಪತ್ರೆಯ ತನಕ, ಆಕ್ಸಿಜನ್ ತನಕ ಹೋಗುವುದು ಕಡಿಮೆ ಆಗ್ತದೆ. ಇನ್ನೊಂದು, ನಮ್ಮ ಸುಳ್ಯ ಕಡೆಯ ಮಳೆಗಾಲದ ಜ್ವರ ಎಲ್ಲ ಫ್ಲೂ ಅಲ್ಲ. ಡೆಂಗ್ಯೂ ಉಂಟು. ರಬ್ಬರ್ ಹಾಲು ಇಳಿಸುವ ಕಪ್ಪಿನಲ್ಲಿ, ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತರೆ ಸಾಕು ಸೊಳ್ಳೆಗೆ. ಗದ್ದೆ, ತೋಡು, ಕೆಸರಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಉಂಟು. ಅದಕ್ಕೆಲ್ಲ ಈ ಸೂಜಿ ಪ್ರಯೋಜನ ಇಲ್ಲ. ಸೂಜಿ ಹಾಕಿಸಿದ್ದೇನೆ ಅಂತ ಜ್ವರ ಬಂದಾಗ ಮನೆಯಲ್ಲೇ ಮಲಗಬೇಡಿ ಮಾರಾಯ್ರೇ.

ಈಗ ನಮ್ಮ ತಮ್ಮನ ಕತೆ. ಅವನು ತೋಟಕ್ಕೆ ಮದ್ದು ಬಿಡುವವನು. ಘಟ್ಟದ ಮೇಲಿನ ಗೆಳೆಯರಿಗೆ ಗೊತ್ತಿಲ್ಲದಿದ್ದರೆ ಹೇಳ್ತೇನೆ: ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರ್ತದೆ, ಎಳೆ ಕಾಯಿ ಕೊಳೆತು ಉದುರಿ ಬೀಳ್ತದೆ. ಅದಕ್ಕೆ ಮೈಲುತುತ್ತು ಮತ್ತು ಸುಣ್ಣ ತಲಾ ಒಂದು ಕಿಲೋ, ನೂರು ಲೀಟರ್ ನೀರಿಗೆ ಕದಡಿ, ಮಳೆ ಹಿಡಿಯುವ ಮೊದಲೇ ಗೊನೆಗೆ ಬಿಡಬೇಕು. ನಲವತ್ತು ನಲವತ್ತೈದು ದಿನ ಬಿಟ್ಟು, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಇನ್ನೊಂದು ಸಲ. ರೋಗ ಬಂದ ಮೇಲೆ ಬಿಟ್ಟು ಪ್ರಯೋಜನ ಇಲ್ಲ, ಬರುವ ಮೊದಲೇ ಬಿಡಬೇಕು ಅಂತ ನಮ್ಮೂರಿನ ಚಿಕ್ಕ ಮಕ್ಕಳಿಗೂ ಗೊತ್ತುಂಟು. ಕಳೆದ ವರ್ಷ ಬಿಟ್ಟಿದ್ದೇವಲ್ಲ, ಈ ವರ್ಷ ಯಾಕೆ ಅಂತ ಯಾವ ತೋಟದ ಧನಿಯೂ ಕೇಳುವುದಿಲ್ಲ. ನೂರಕ್ಕೆ ನೂರು ಗೊನೆ ಉಳಿಯುತ್ತದೆ ಅಂತ ಗ್ಯಾರಂಟಿಯೂ ಇಲ್ಲ, ಆದರೂ ಬಿಡ್ತಾರೆ. ಫಸಲಿನ ಬೆಲೆ ಗೊತ್ತಿದ್ದವರು ಮುಂಜಾಗ್ರತೆಗೆ ಖರ್ಚು ಮಾಡ್ತಾರೆ.

ಇಡೀ ದಿನ ಪಂಪಿನ ಹೊಗೆ, ಮೈಲುತುತ್ತಿನ ನೀರು ಮೈಮೇಲೆ ಬಿದ್ದು ಅಂಗಿ ಎಲ್ಲ ನೀಲಿ ಆಗುವ ಈ ನನ್ನ ತಮ್ಮನಿಗೆ ಮಳೆಗಾಲಕ್ಕೆ ಮೊದಲು ಯಾವ ಮದ್ದು ಬಿಡ್ತಾರೆ? ಕೇಳಿದರೆ ನಗ್ತಾನೆ. "ಅಣ್ಣ, ಮರಕ್ಕೆ ಕ್ವಿಂಟಾಲ್ ಲೆಕ್ಕ ಉಂಟು. ನನಗೆಂತ ಲೆಕ್ಕ?"

ರೋಗ ಬರುವ ಮೊದಲೇ ಅದನ್ನು ಓಡಿಸುವುದು ತುಳುನಾಡಿಗೆ ಹೊಸತಲ್ಲ. ಆಟಿ ತಿಂಗಳು, ಮಳೆ ಬಿಡದೆ ಹೊಡೆಯುವಾಗ, ನಲಿಕೆಯವರು ಕಳೆಂಜ ಕಟ್ಟಿ ಮನೆ ಮನೆಗೆ ಬರ್ತಾರೆ. ತಾಳೆಗರಿಯ ಕೊಡೆ ಹಿಡಿದು ಕುಣಿದು ಊರಿಗೆ ಬಂದ ಮಾರಿಯನ್ನು ಕಳೀತಾರೆ. ಮನೆಯವರು ಅಕ್ಕಿ, ತೆಂಗಿನಕಾಯಿ, ಅರಶಿನ, ಮಸಿ ಕೊಡ್ತಾರೆ. ಈಗ ಅದು ಶಾಲೆ ಕಾಲೇಜಿನಲ್ಲಿ "ಆಟಿಡೊಂಜಿ ದಿನ" ಅಂತ ವೇದಿಕೆ ಮೇಲೆ ಬಂದಿದೆ, ಫೋಟೋ ಚಂದ ಬರ್ತದೆ. ಆದರೆ ಒಳಗಿನ ಏರ್ಪಾಡು ನೋಡಿ. ಊರಿನ ರೋಗ ಹೊತ್ತುಕೊಂಡು ಹೋಗುವ ಕೆಲಸ ಯಾವ ಜಾತಿಗೆ ಬಂತು?

ಕೊರಗರ ಅಜಲು ಇದಕ್ಕಿಂತ ಕ್ರೂರ. ಕೂದಲು, ಉಗುರು ಸೇರಿಸಿದ ಅನ್ನ ತಿನ್ನಿಸಿ ಮನೆಯವರ ಕಾಯಿಲೆ, ಅನಿಷ್ಟ ಎಲ್ಲ ಕೊರಗರ ಮೇಲೆ ದಾಟಿಸುವುದು. ಅದನ್ನು ಅಪರಾಧ ಅಂತ ಮಾಡ್ಲಿಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷ ದಾಟಬೇಕಾಯ್ತು. ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಬೇರೆಯವರ ರೋಗ ದಾಟಿಸಿಕೊಳ್ಳುವ ಪಾತ್ರೆಯಾಗಿ ಇಟ್ಟುಕೊಂಡವರಿಗೆ ರೋಗ ಬರದ ಹಾಗೆ ನೋಡಿಕೊಳ್ಳುವ ಯೋಚನೆ ಯಾರಿಗೆ ಬರ್ತದೆ?

ಇದು ಬರೀ ಭಾವನೆಯ ಮಾತಲ್ಲ, ಲೆಕ್ಕ ಉಂಟು. 1918ರ ಫ್ಲೂ ಇಡೀ ಲೋಕವನ್ನು ಅಲ್ಲಾಡಿಸಿತಲ್ಲ, ನಮ್ಮ ದೇಶದಲ್ಲೇ ಒಂದು ಕೋಟಿಗೂ ಮೇಲೆ ಜನ ಸತ್ತರು. ಬೊಂಬಾಯಿ ನಗರದ ಆರೋಗ್ಯಾಧಿಕಾರಿಯ ವರದಿಯಲ್ಲಿ ಜಾತಿವಾರು ಸಾವಿನ ಅಂಕಿ ಸಿಗ್ತದೆ. ಸಾವಿರಕ್ಕೆ ಯುರೋಪಿಯನ್ನರು 8.3. ಜಾತಿ ಹಿಂದೂಗಳು 18.9. "ಕೆಳಜಾತಿ" ಅಂತ ಬರೆಸಿಕೊಂಡವರು 61.6. ಇನ್ನೊಮ್ಮೆ ಓದಿ. ಒಂದೇ ಊರು, ಅದೇ ವೈರಸ್, ಸಾವು ಮೂರು ಪಟ್ಟು. ವೈರಸ್ಸಿಗೆ ಜಾತಿ ಇರಲಿಲ್ಲ. ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವುದಕ್ಕೆ, ಬರಗಾಲದ ಹಸಿವೆಗೆ, ಜ್ವರ ಇದ್ದರೂ ಕೆಲಸಕ್ಕೆ ಹೋಗಲೇಬೇಕಾದದ್ದಕ್ಕೆ, ನೀರು ಕೊಡ್ಲಿಕ್ಕೆ ಯಾರೂ ಹತ್ತಿರ ಬಾರದ್ದಕ್ಕೆ ಜಾತಿ ಇತ್ತು. ಆಗ ಲಸಿಕೆ ಯಾರಿಗೂ ಇರಲಿಲ್ಲ. ವೈರಸ್ಸನ್ನು ಗುರುತು ಹಿಡಿದದ್ದೇ 1933ರಲ್ಲಿ. ಈಗ ಲಸಿಕೆ ಉಂಟು, ಅಂಗಡಿಯಲ್ಲಿ ಉಂಟು.

ಸಂಘಟನೆಯ ಹಿರಿಯ ಗೆಳೆಯರೊಬ್ಬರ ಹತ್ತಿರ ಇದನ್ನು ಹೇಳಿದೆ. "ನೀನು ಔಷಧಿ ಕಂಪೆನಿಯ ಏಜೆಂಟ್ ಆದೆಯಾ?" ಅಂತ ತಮಾಷೆ ಮಾಡಿದರು, ಸ್ವಲ್ಪ ಗಂಭೀರವಾಗಿಯೂ. ಕಂಪೆನಿಗಳು ಲಾಭಕ್ಕೇ ಮಾರುವುದು, ಅದರಲ್ಲಿ ನನಗೆ ಸಂಶಯ ಇಲ್ಲ. ಮೈಲುತುತ್ತು ಮಾರುವವನೂ ಲಾಭಕ್ಕೇ ಮಾರುವುದು. ಕಂಪೆನಿ ಲಾಭ ಮಾಡ್ತದೆ ಅಂತ ನಮ್ಮವರು ಉಸಿರು ಕಟ್ಟಿ ಮಲಗಬೇಕಾಗಿಲ್ಲ. ಸರಕಾರ ಸಗಟಿನಲ್ಲಿ ಕೊಂಡು ಪುಕ್ಕಟೆ ಕೊಡಲಿ ಅನ್ನುವುದು ನಮ್ಮ ಬೇಡಿಕೆ ಆಗಬೇಕು. ಸಾವಿತ್ರಿಬಾಯಿ ಫುಲೆಯವರು ತೀರಿಕೊಂಡದ್ದು ಹೇಗೆ ಅಂತ ನಮ್ಮ ಸಭೆಗಳಲ್ಲಿ ಪ್ರತಿ ವರ್ಷ ಹೇಳ್ತೇವೆ. ಪುಣೆಯಲ್ಲಿ ಪ್ಲೇಗ್ ಬಂದಾಗ ಡಾಕ್ಟರ್ ಮಗ ಯಶವಂತನ ಜೊತೆ ಚಿಕಿತ್ಸಾಲಯ ತೆರೆದು, ಮಹಾರ್ ಕೇರಿಯ ಮಗುವನ್ನು ಹೊತ್ತು ತಂದು, ಅದೇ ರೋಗ ತಗಲಿ 1897ರ ಮಾರ್ಚ್ 10ಕ್ಕೆ ಹೋದರು. ಅವರು ಕೇರಿಯವರನ್ನು ಕರಕೊಂಡು ಹೋದದ್ದು ಡಾಕ್ಟರ ಹತ್ತಿರ.

ಹೆದರಿಕೆ ಇದ್ದವರನ್ನು ಹಾಸ್ಯ ಮಾಡ್ಲಿಕ್ಕೆ ನಾನು ತಯಾರಿಲ್ಲ. 2025ರ ಜುಲೈಯಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮುಖ್ಯಮಂತ್ರಿಗಳೇ ಕೊರೊನಾ ಲಸಿಕೆಯ ಮೇಲೆ ಸಂಶಯ ಬರುವ ಹಾಗೆ ಬರೆದರು. ಆಮೇಲೆ ಸರಕಾರದ್ದೇ ತಜ್ಞರ ಸಮಿತಿ ಲಸಿಕೆಗೂ ಅದಕ್ಕೂ ಸಂಬಂಧ ಕಾಣುವುದಿಲ್ಲ ಅಂತ ವರದಿ ಕೊಟ್ಟಿತು. ಮೊದಲಿನ ಮಾತು ನಮ್ಮ ಕಾಲೊನಿಯ ಪ್ರತಿ ಮೊಬೈಲಿಗೆ ಬಂತು. ವರದಿ ಎಷ್ಟು ಮೊಬೈಲಿಗೆ ಬಂತು? ಹಾಸನ ನಮಗೆ ಘಟ್ಟ ಹತ್ತಿದರೆ ಸಿಗುವ ಊರು. ಹೆದರಿಕೆ ಆಗದೆ ಇರ್ತದಾ?

ಆದರೂ "ದಲಿತ ಕಾಲೊನಿಯವರಿಗೆ ತಿಳುವಳಿಕೆ ಇಲ್ಲ, ಸೂಜಿಗೆ ಹೆದರ್ತಾರೆ" ಅನ್ನುವ ಮಾತು ನಾನು ಒಪ್ಪುವುದಿಲ್ಲ. 2021ರಲ್ಲಿ ಕೊರೊನಾ ಲಸಿಕೆ ಪುಕ್ಕಟೆ ಸಿಕ್ಕಿತು, ಆಶಾ ಅಕ್ಕಂದಿರು ಮನೆ ಬಾಗಿಲಿಗೆ ಬಂದು ಹೆಸರು ಬರೆದುಕೊಂಡರು. ನಮ್ಮ ಕಾಲೊನಿಯವರು ಸಾಲು ನಿಂತು ಹಾಕಿಸಿಕೊಂಡರು. ಮಕ್ಕಳ ಲಸಿಕೆಯೂ ಹಾಗೇ, ತಪ್ಪಿಸುವವರು ಇಲ್ಲ. ಫ್ಲೂ ಲಸಿಕೆ ಮಾತ್ರ ಸರಕಾರದ ಸಾರ್ವತ್ರಿಕ ಲಸಿಕೆ ಪಟ್ಟಿಯಲ್ಲಿ ಇಲ್ಲ. ಬೇಕಾದವರು ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಕಾದು, ಪೇಟೆಗೆ ಹೋಗಿ, ಮೇಲಿಂದ ಸಾವಿರದ ಐನೂರು ಕೊಡಬೇಕು. ಇದಕ್ಕೆ ಹಿಂಜರಿಕೆ ಅಂತ ಹೆಸರು ಕೊಡ್ತಾರೆ.

2023ರ ಮಾರ್ಚಿನಲ್ಲಿ ಎಚ್3ಎನ್2 ಅಂತ ಗಲಾಟೆ ಆದದ್ದು ನೆನಪುಂಟಲ್ಲ, ಹಾಸನ ಜಿಲ್ಲೆಯಲ್ಲೇ 82 ವರ್ಷದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅದೂ ಫ್ಲೂವೇ. ಆಗ ಒಂದು ತಿಂಗಳು ಟಿವಿಯಲ್ಲಿ ಬಂತು, ಮುಗಿಯಿತು.

ಈಗ ಅಮ್ಮನ ವಿಷಯ. ಅಮ್ಮನಿಗೆ 72. ದಮ್ಮು ಉಂಟು, ಶುಗರ್ ಉಂಟು. ಕಳೆದ ಮಳೆಗಾಲದಲ್ಲಿ ಜ್ವರ ಕೆಮ್ಮು ಬಂದು, ದಮ್ಮು ಏರಿ, ಐದು ದಿನ ಆಸ್ಪತ್ರೆಯಲ್ಲಿದ್ದರು. ಅದು ಫ್ಲೂ ಹೌದಾ ಅಲ್ವಾ ಅಂತ ಪರೀಕ್ಷೆ ಆಗಿರಲಿಲ್ಲ, ಹಾಗಾಗಿ ಖಂಡಿತ ಹೇಳ್ಲಿಕ್ಕೆ ಬರುವುದಿಲ್ಲ. ಆದರೆ ಡಾಕ್ಟ್ರು ಬಿಡುಗಡೆಯ ದಿನವೇ ಹೇಳಿದ್ದರು, ಇವರಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ ಅಂತ.

ಅಮ್ಮನದ್ದು ಒಂದೇ ಮಾತು, "ಎಂಕ್ ಬೊಡ್ಚಿ ಮಗಾ." ನನಗೆ ಬೇಡ, ಮಕ್ಕಳಿಗೆ ಹಾಕಿಸು. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ ಕಷಾಯ ಒಂದು ವರ್ಷವೂ ತಪ್ಪಿಸಿದವರಲ್ಲ, ಅದು ಸಾಕು ಅಂತ. ನಾನು ಕಷಾಯ ಬೇಡ ಅನ್ನಲಿಲ್ಲ. ಅದು ಅಮ್ಮನ ಸಂತೋಷ, ಬೆಳಕು ಹರಿಯುವ ಮೊದಲು ಎದ್ದು ಎಲ್ಲರಿಗೂ ಕುಡಿಸಿ, ಮೆಂತೆ ಗಂಜಿ ಕೊಡುವುದು. (ಕತ್ತಲೆಯಲ್ಲಿ ಪಾಲೆ ಅಂತ ಕಾಸರ್ಕದ ಕೆತ್ತೆ ತಂದರೆ ಮಾತ್ರ ಜೀವಕ್ಕೇ ಸಂಚಕಾರ, ಮರ ಹಗಲಲ್ಲೇ ಗುರುತು ಮಾಡಿಡಿ.) 61.6ರ ಲೆಕ್ಕ ಹೇಳಿದೆ, ಸಾವಿತ್ರಿಬಾಯಿ ಕತೆ ಹೇಳಿದೆ. ಅಮ್ಮ ಬೀಡಿ ಸುರುಟುತ್ತಾ ಕೇಳಿಸಿಕೊಂಡರು, ಅಷ್ಟೇ. ಕೊನೆಗೆ ಕಳೆದ ವರ್ಷದ ಆಸ್ಪತ್ರೆ ಬಿಲ್ಲುಗಳನ್ನು ತೆಗೆದು ಲೆಕ್ಕ ಮಾಡಿ ತೋರಿಸಿದೆ. ಔಷಧಿ, ಆಟೋ, ಜೊತೆಗೆ ಕೂತ ತಂಗಿಯ ಐದು ದಿನದ ಕೂಲಿ ಎಲ್ಲ ಸೇರಿ ಹತ್ತೊಂಬತ್ತು ಸಾವಿರ ದಾಟಿತ್ತು. ಸಾವಿರ ಬೀಡಿಗೆ ಎಷ್ಟು ಸಿಗ್ತದೆ ಅಂತ ಜೀವಮಾನ ಇಡೀ ಲೆಕ್ಕ ಮಾಡಿದವರು ಅಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹಾಕಿಸು" ಅಂದರು.

ಒಂದು ಅಮ್ಮನಿಗೆ. ಈ ತಿಂಗಳು ಇನ್ನೊಂದಕ್ಕೆ ಹಣ ಹೊಂದಿಸಬಹುದಿತ್ತು. ನನಗಾ, ತಮ್ಮನಿಗಾ? ಕೌಂಟರಿನಲ್ಲಿ ದಿನಕ್ಕೆ ನೂರು ಜನರನ್ನು ನೋಡುವವನು ನಾನು, ಕೆಮ್ಮು ಮನೆಗೆ ತರುವುದಿದ್ದರೆ ನಾನೇ ತರುವುದು. ಆದರೆ ಅಮ್ಮನ ಕೋಣೆಯ ಹೊರಗೆ ಮಲಗುವವನು ತಮ್ಮ. ಮತ್ತೆ ನನಗೆ ಜ್ವರ ಬಂದರೆ ರಜೆ ಉಂಟು, ಸಂಬಳ ಬರ್ತದೆ. ಅವನಿಗೆ ಜ್ವರ ಬಂದರೆ ಮದ್ದು ಬಿಡುವ ಸೀಸನಿನ ಕೂಲಿಯೇ ಹೋಯಿತು, ವರ್ಷದಲ್ಲಿ ಅವನ ಒಳ್ಳೆ ದುಡಿಮೆ ಅದೊಂದೇ. ತಮ್ಮನಿಗೇ ಅಂತ ಆಯ್ತು. ನಾನು ಶೀತ ಆದಾಗ ಮನೆಯಲ್ಲೂ ಮಾಸ್ಕ್ ಹಾಕುವುದು ಅಂತ ಒಪ್ಪಿದ್ದೇನೆ.

ಶನಿವಾರ ಇಬ್ಬರನ್ನೂ ಸುಳ್ಯಕ್ಕೆ ಕರಕೊಂಡು ಹೋಗಿ ಹಾಕಿಸಿದೆ. ಡಾಕ್ಟ್ರು ಮೊದಲು ಕೇಳಿದರು, ಜ್ವರ ಉಂಟಾ, ಹಿಂದೆ ಯಾವುದಾದರೂ ಲಸಿಕೆಗೆ ಜೋರು ಅಲರ್ಜಿ ಆಗಿತ್ತಾ ಅಂತ. ನೀವೂ ಹಾಕಿಸುವುದಾದರೆ ಇದನ್ನು ಮುಚ್ಚಿಡದೆ ಹೇಳಿ. ತಮ್ಮನಿಗೆ ಒಂದು ದಿನ ಕೈ ನೋವು, ಅಮ್ಮನಿಗೆ ಅದೂ ಇಲ್ಲ.

ಮನೆಯ ಲೆಕ್ಕ ಇಲ್ಲಿಗಾಯ್ತು, ಕಾಲೊನಿಯ ಲೆಕ್ಕ ಬಾಕಿ ಉಂಟು. ಭಾನುವಾರ ನಾನು ಮತ್ತು ಆಫೀಸಿನ ಆ ಗುಡಿಸುವ ಅಕ್ಕ (ಅವಳದ್ದೂ ನಮ್ಮದೇ ಕಾಲೊನಿ) ಮನೆ ಮನೆಗೆ ಹೋಗಿ ಪಟ್ಟಿ ಮಾಡಿದೆವು. 60 ದಾಟಿದವರು, ದಮ್ಮು, ಶುಗರ್, ಹೃದಯದ ಕಾಯಿಲೆ ಇದ್ದವರು, ಬಸುರಿಯರು. ಇಪ್ಪತ್ತೊಂಬತ್ತು ಹೆಸರು ಆಯ್ತು. ಪಂಚಾಯತಿನ ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ ಅಂತ ತೆಗೆದಿಡುವ ಹಣ ಉಂಟು. ಮೇಲಿಂದ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಉಂಟು, ಅದರ ಹಣ ಎಲ್ಲಿಗೆಲ್ಲ ಹೋಗ್ತದೆ ಅಂತ ಬೇರೆ ಪೋಸ್ಟಿನಲ್ಲಿ ಜಗಳ ಮಾಡುವ. ಈ ಇಪ್ಪತ್ತೊಂಬತ್ತು ಜನರಿಗೆ ಮಳೆಗೆ ಮೊದಲು ಲಸಿಕೆ ಹಾಕಿಸಿ, ಪೇಟೆಗೆ ಕರೆಸಬೇಡಿ, ಕಾಲೊನಿಗೇ ಬನ್ನಿ ಅಂತ ಗ್ರಾಮಸಭೆಗೆ ಅರ್ಜಿ ತಯಾರಾಗಿದೆ. ಪ್ರತಿ ಆರೋಗ್ಯ ಇಲಾಖೆಗೂ ಹೋಗ್ತದೆ. ಗುಮಾಸ್ತನ ಕೈಯ ಅರ್ಜಿ, ಭಾಷೆಯಲ್ಲಿ ತಪ್ಪು ಹುಡುಕ್ಲಿಕ್ಕೆ ಕಷ್ಟ.

ನಿಮ್ಮ ಊರಲ್ಲೂ ಕೊಡುವುದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಮೂನೆ ಕಳಿಸ್ತೇನೆ. ಪಟ್ಟಿ ಮಾತ್ರ ನೀವೇ ಮನೆ ಮನೆಗೆ ಹೋಗಿ ಮಾಡಬೇಕು.

ಜೈ ಭೀಮ್.