ಡೀಸೆಲ್ಲೋ, ಪೆಟ್ರೋಲೋ?

ಮಕ್ಕಳೇ, ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿನ ತೊಟ್ಟಿ ಎಲ್ಲವೂ ಒಳಗೇ ಇರುವ ಗಾಡಿಗೆ ಕ್ಯಾರವಾನ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದರ ಹೆಸರು ಓಡುವ ಮನೆ. ನನ್ನ ಹೆಂಡತಿಗೆ ಮಂಡಿನೋವು. ಗಂಟೆಗೊಮ್ಮೆ ಕಾಲು ಚಾಚಿ ಮಲಗಲೇಬೇಕು. ಆದರೂ ಹಳೇಬೀಡು, ಬೇಲೂರನ್ನು ಮೊಮ್ಮಕ್ಕಳಿಗೆ ತಾನೇ ತೋರಿಸಬೇಕೆಂಬ ಆಸೆ. ನಮ್ಮ ಅರಸೀಕೆರೆಯಿಂದ ಜಾವಗಲ್ ಮೇಲೆ ಹೋದರೆ ಹಳೇಬೀಡಿಗೆ ಸುಮಾರು 40 ಕಿ.ಮೀ., ಅಲ್ಲಿಂದ ಬೇಲೂರಿಗೆ ಇನ್ನು 16.

ಒಂದೇ ಅಳತೆಯ ಎರಡು ಹಳೆಯ ಗಾಡಿಗಳು ಮಾರಾಟಕ್ಕಿದ್ದವು. ಡೀಸೆಲ್ ಗಾಡಿಯ ಬೆಲೆ ಒಂದೂವರೆ ಲಕ್ಷ ರೂಪಾಯಿ ಜಾಸ್ತಿ. "ಡೀಸೆಲ್ಲೇ ಇರಲಿ ಅಪ್ಪಾ, ಖರ್ಚು ಕಡಿಮೆ" ಎಂದ ಮಗ.

"ಯಾಕೆ ತಾತ ಅದಕ್ಕೆ ಬೆಲೆ ಜಾಸ್ತಿ?" ಎಂದಳು ಮೊಮ್ಮಗಳು. ಸೈಕಲ್ ಪಂಪ್ ಒತ್ತಿದಾಗ ಅದರ ತುದಿ ಬಿಸಿಯಾಗುತ್ತದಲ್ಲ? ಡೀಸೆಲ್ ಎಂಜಿನ್ ನಡೆಯುವುದೂ ಹಾಗೆಯೇ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಚೆನ್ನಾಗಿ ಕಾಯುತ್ತದೆ. ಅದರೊಳಗೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್‌ಗಾದರೆ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಬೇಕು. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇಂಥ ಎಂಜಿನ್ ಓಡಿಸಿ ತೋರಿಸಿದರು. ಆ ಒತ್ತಡ ತಡೆಯಲು ಎಂಜಿನ್ ಗಟ್ಟಿಮುಟ್ಟಾಗಿರಬೇಕು, ಅದಕ್ಕೇ ಬೆಲೆ ಹೆಚ್ಚು. ಆದರೆ ಮೈಲೇಜ್ ಜಾಸ್ತಿ, ಭಾರ ಹೊತ್ತು ಘಾಟಿ ಏರಲು ಶಕ್ತಿಯೂ ಚೆನ್ನಾಗಿರುತ್ತದೆ.

ಬ್ಯಾಂಕಿನ ಗುಮಾಸ್ತನಾಗಿದ್ದವನಲ್ಲವೇ, ಕಾಗದ ಪೆನ್ನು ಹಿಡಿದೆ. ಲೀಟರಿಗೆ ಪೆಟ್ರೋಲ್ 100 ರೂಪಾಯಿ, ಡೀಸೆಲ್ 90 ಎಂದಿಟ್ಟುಕೊಳ್ಳಿ. ಪೆಟ್ರೋಲ್ ಗಾಡಿ ಲೀಟರಿಗೆ 12.5 ಕಿ.ಮೀ. ಓಡಿದರೆ ಕಿಲೋಮೀಟರಿಗೆ 8 ರೂಪಾಯಿ. ಡೀಸೆಲ್ ಗಾಡಿ 15 ಓಡಿದರೆ 6 ರೂಪಾಯಿ. ಉಳಿತಾಯ 2 ರೂಪಾಯಿ. ಹೆಚ್ಚು ಕೊಟ್ಟ 1,50,000 ಮರಳಿ ಬರಲು 75,000 ಕಿ.ಮೀ. ಓಡಿಸಬೇಕು. ನಾವು ಓಡಿಸುವುದು ವರ್ಷಕ್ಕೆ 3,000. ಅಂದರೆ 25 ವರ್ಷ!

"ತಾತ, ಆಗ ನಿಮಗೆ 99!" ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅವಳಜ್ಜಿ ಮಾತ್ರ ನಗಲಿಲ್ಲ.

ಹಾಗೆಂದು ಡೀಸೆಲ್ ಕೆಟ್ಟದ್ದಲ್ಲ. ದಿನಕ್ಕೆ 100 ಕಿ.ಮೀ. ಬಾಡಿಗೆ ಓಡಿಸುವವರಿಗೆ ಅದೇ 75,000 ಕಿ.ಮೀ. 750 ದಿನಗಳಲ್ಲಿ, ಎರಡು ವರ್ಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಅಲ್ಲದೆ 2020ರಿಂದೀಚೆಗಿನ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಉರಿದುಹೋಗಬೇಕಾದರೆ ಆಗಾಗ ದೂರ ಓಡಿಸಬೇಕು. ನಮ್ಮದು ಹೆಚ್ಚಾಗಿ ಸಂತೆಗೂ ಸ್ಟೇಷನ್ನಿಗೂ ತಿರುಗುವ ಗಾಡಿ.

ಪೆಟ್ರೋಲ್ ಗಾಡಿಯನ್ನೇ ಕೊಂಡೆವು. ಉಳಿದ ಒಂದೂವರೆ ಲಕ್ಷ ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ಮಂಡಿಯ ಆಪರೇಷನ್ನಿಗೆ ಬೇಕಾಗಬಹುದು.

ಬರುವ ಭಾನುವಾರ ಮೊದಲು ಹಳೇಬೀಡು. ಅಜ್ಜಿ ಅರ್ಧ ಗಂಟೆ ಮಲಗೆದ್ದ ಮೇಲೆ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ದರ್ಶನ. ಕಿಲೋಮೀಟರ್ ಬರೆದಿಡುವ ಪುಸ್ತಕ ಮೊಮ್ಮಗಳ ಕೈಯಲ್ಲಿದೆ.